ಚಲ್ಲಘಟ್ಟದ ಗ್ರಾಮ ನಕ್ಷೆ ಕೊನೆಗೂ ಕೂತಿತು

ಹಳೇ ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸೋಕೆ ಆಗಲ್ಲ ಅಂತ ನಮ್ಮ ಗೆಳೆಯರೆಲ್ಲ ಹೇಳಿದ್ದರು. ಮಡಚಿ ಮಡಚಿ ಸೊಟ್ಟಗಾದ ಹಾಳೆ, ಸುಮ್ನೆ ಟೈಮ್ ವೇಸ್ಟ್ ಅನ್ನೋದು ಅವರ ವಾದ. ಈಗ ಕೂತಿದೆ. ವ್ಯತ್ಯಾಸ ಏಳೆಂಟು ಮೀಟರ್ ಇರಬಹುದು, ಅಷ್ಟೇ.

ಬೆಂಗಳೂರಿನ ಚಲ್ಲಘಟ್ಟ ಕೆರೆ ಇದ್ದ ಕಡೆ ಈಗ ಗಾಲ್ಫ್ ಮೈದಾನ. ಕೆರೆ ಹೋಯಿತು, ಕಣಿವೆಗೆ ಅದರ ಹೆಸರು ಉಳಿಯಿತು. ದೊಮ್ಮಲೂರು ಕಡೆಯಿಂದ ಬೆಳ್ಳಂದೂರಿಗೆ ನೀರು ಇಳಿಯುತ್ತಿದ್ದ ಕಾಲುವೆಗಳು ಎಲ್ಲೆಲ್ಲಿದ್ದವು ಅನ್ನೋದು ನನಗೆ ಬೇಕಿತ್ತು.

ಮೊದಲ ವರ್ಷ ಪೂರ್ತಿ ಹಾಳಾಯಿತು. ಹಳೇ ಕಾಗದದ ವ್ಯಾಪಾರಿಯೊಬ್ಬರ ಹತ್ತಿರ ಮೈಲಿಗೆ ಒಂದಿಂಚಿನ ಸರ್ವೆ ಹಾಳೆ ಕೊಂಡೆ. ನಾಲ್ಕೂವರೆ ಸಾವಿರ ಹೋಯಿತು, ಸ್ಕ್ಯಾನಿಂಗಿಗೆ ಇನ್ನೊಂದು ಸಾವಿರ. ಆ ಅಳತೆಯಲ್ಲಿ 1 ಮಿಲಿಮೀಟರ್ ಅಂದರೆ ನೆಲದ ಮೇಲೆ 63 ಮೀಟರ್. ಗೆರೆಯ ದಪ್ಪದೊಳಗೇ ಒಂದು ಬೀದಿ ಮುಳುಗಿಹೋಗುತ್ತದೆ. ಊರ ಹೆಸರು ಓದೋಕೆ ಸರಿ, ಕಾಲುವೆ ಹುಡುಕೋಕೆ ಅಲ್ಲ. ಮೈಲಿಗೆ 8 ಇಂಚಿನ ಗ್ರಾಮ ನಕ್ಷೆಯಲ್ಲಿ ಅದೇ ಮಿಲಿಮೀಟರ್ ಸುಮಾರು 8 ಮೀಟರ್. ಅದು ಕಂದಾಯ ಇಲಾಖೆಯ ಜಾಲತಾಣದಲ್ಲೇ ಸಿಗುತ್ತದೆ.

ಆಮೇಲೂ ಸೋತೆ. ಹಾಳೆಯಲ್ಲೂ ಉಪಗ್ರಹ ಚಿತ್ರದಲ್ಲೂ ಒಂದೇ ಜಾಗ ಅಂತ ಹೊಂದಿಸೋ ಗುರುತಾಗಿ ರಸ್ತೆ ಕೂಡುವ ಜಾಗಗಳನ್ನು ಹಿಡಿದಿದ್ದೆ. ರಸ್ತೆ ಅಗಲವಾಗಿವೆ, ಕೆಲವು ಜರುಗಿವೆ. 1940ರಲ್ಲಿ ಎಚ್‌ಎಎಲ್ ಬಂದ ಮೇಲಂತೂ ಆ ಕಡೆಯ ನೆಲದ ರೂಪವೇ ಬೇರೆ. ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಲ್ಲಿ ಮೂರನೇ ದರ್ಜೆಯ ಪಾಲಿನಾಮಿಯಲ್ ಹಾಕಿದೆ, ಅಂದರೆ ಗುರುತುಗಳಿಗೆ ಹೊಂದೋ ಹಾಗೆ ಹಾಳೆಯನ್ನು ಬಾಗಿಸಿ ಎಳೆಯೋ ಸೂತ್ರ. ಗುರುತುಗಳ ಹತ್ತಿರ ಎಲ್ಲ ಚೆಂದ, ನಡುವೆ ಕೆರೆ ಜಾರಿ ರನ್‌ವೇ ಮೇಲೆ ಹೋಗಿ ಕೂತಿತು!

ಜರುಗದೇ ಇರೋದನ್ನ ಹಿಡಿದಾಗಲೇ ದಾರಿ ಸಿಕ್ಕಿದ್ದು. ಬೆಳ್ಳಂದೂರು ಕೆರೆ ಏರಿ, ತೂಬು, ದೊಮ್ಮಲೂರಿನ ಚೊಕ್ಕನಾಥ ದೇವಸ್ಥಾನ, ಮೂರು ಊರಿನ ಗಡಿ ಸೇರುವ ಕಲ್ಲುಗಳು. ಒಂದು ಕಲ್ಲು ಮನೆಯೊಂದರ ಕಾಂಪೌಂಡಿನೊಳಗೆ ಅರ್ಧ ಹೂತು ನಿಂತಿತ್ತು, ತಲೆ ನುಣ್ಣಗೆ ಸವೆದಿತ್ತು. "ಗಡಿಕಲ್ಲು ಕಣಪ್ಪ, ನಮ್ಮಮ್ಮ ಅದರ ಮೇಲೇ ಬಟ್ಟೆ ಒಗೀತಿದ್ದಳು" ಅಂದರು ಅಲ್ಲಿನ ಅಜ್ಜ. ಹನ್ನೊಂದು ಗುರುತು ಸಿಕ್ಕವು, ಎರಡನ್ನು ಬಿಟ್ಟೆ. ಯಾವುದನ್ನು ಬಿಡಬೇಕು ಅಂತ ಹೇಗೆ ತಿಳಿಯಿತು ಅನ್ನೋದನ್ನ ಇಲ್ಲಿ ಬರೆಯಲ್ಲ. ಅದಕ್ಕೆ ಎರಡು ಮಳೆಗಾಲ ಕಳೆದಿದ್ದೇನೆ.

ಹಾಳೆ ಎಷ್ಟು ಕುಗ್ಗಿದೆ ಅಂತ ನೋಡೋಕೆ ಆಕಾರಬಂದ್ ಹಿಡಿದೆ, ಅಂದರೆ ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಬರೆದಿರೋ ಕಂದಾಯ ದಾಖಲೆ. ಸರ್ವೆಯವರ ಹಳೇ ಅಳತೆ ಸರಪಳಿ 33 ಅಡಿ, ಅದರ ಚದರವೇ ಒಂದು ಗುಂಟೆ, ಅಂದರೆ 1089 ಚದರ ಅಡಿ. ಇಪ್ಪತ್ತು ಸರ್ವೆ ನಂಬರಿನ ವಿಸ್ತೀರ್ಣ ಲೆಕ್ಕ ಹಾಕಿ ಆಕಾರಬಂದ್ ಜೊತೆ ಹೋಲಿಸಿದೆ. ಹಾಳೆ ಅಗಲಕ್ಕಿಂತ ಉದ್ದಕ್ಕೆ ಜಾಸ್ತಿ ಕುಗ್ಗಿತ್ತು. ಎರಡೂ ಕಡೆ ಬೇರೆ ಬೇರೆ ಹಿಗ್ಗಿಸಿದ ಮೇಲೆ ಲೆಕ್ಕ ಒಂದೆರಡು ಗುಂಟೆಯೊಳಗೆ ಬಂತು. ಇದನ್ನು ನಮ್ಮಲ್ಲಿ ಇನ್ಯಾರೂ ಮಾಡಿರಲಿಲ್ಲ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಜೋರು ಮಳೆಯ ಸಂಜೆ ಫೋನಿನಲ್ಲಿ ನಕ್ಷೆ ತೆರೆದು ಕಾಲುವೆಯ ಗೆರೆ ಹಿಡಿದು ನಡೆದೆ. ಗೆರೆ ರಸ್ತೆ ದಾಟುವ ಐದು ಕಡೆಗಳಲ್ಲಿ ನಾಲ್ಕು ಕಡೆ ನೀರು ಮೊಣಕಾಲಿಗೆ ನಿಂತಿತ್ತು. ಅಲ್ಲಿಂದಲೇ ಗೆಳೆಯರಿಗೆ ಫೋಟೊ ಕಳಿಸಿದೆ. ರಾತ್ರಿ ಊಟಕ್ಕೆ ಮೊದಲೇ ಇಬ್ಬರು ಫೈಲ್ ಕೇಳಿದರು.

ಒಟ್ಟು ಖರ್ಚು ಹದಿನಾಲ್ಕು ಸಾವಿರದ ಹತ್ತಿರ. ಬೆಳ್ಳಂದೂರು ಕೋಡಿಯಿಂದ ವರ್ತೂರಿನವರೆಗಿನ ಹಾಳೆಗಳು ಇನ್ನೂ ಬಾಕಿ ಇವೆ. ಆ ಕಡೆ ಗಡಿಕಲ್ಲು ಹುಡುಕಬೇಕು. ಬರೋರಿದ್ದರೆ ಭಾನುವಾರ ಬೆಳಿಗ್ಗೆ ಆರಕ್ಕೆ ಏರಿ ಮೇಲೆ ಸಿಗಿ.