ಯೋಯೋ ಲೋಚ್ ಸಾಕುವುದು: ಜಗಳ ತಪ್ಪಿಸುವ ಬಗೆ

ಯೋಯೋ ಲೋಚ್ ಎಂಬ ಅಕ್ವೇರಿಯಂ ಮೀನು ತರುವವರು ಮಾಡುವ ಮೊದಲ ತಪ್ಪು, ‘ಒಂದು ಜೋಡಿ ಸಾಕು’ ಅನ್ನುವುದು. ಎರಡೇ ಇದ್ದರೆ ಬಲವಾದದ್ದು ಇನ್ನೊಂದನ್ನು ಮೂಲೆಗೆ ಅಟ್ಟಿ ತಿನ್ನಲೂ ಬಿಡುವುದಿಲ್ಲ. ಒಂದೇ ಗಾತ್ರದ ಐದಾರು ಮೀನುಗಳನ್ನು ಒಟ್ಟಿಗೇ ಬಿಡಿ, ಏಟು ಹಂಚಿಹೋಗುತ್ತದೆ. ಅಂಗಡಿಯ ಎರಡಿಂಚಿನ ಮರಿ ಮುಂದೆ ಆರಿಂಚಿನ ಹತ್ತಿರ ಬೆಳೆಯುತ್ತದೆ. ಹಾಗಾಗಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಬೇಕು, ಅಂದರೆ ಸುಮಾರು 250 ಲೀಟರ್. ಮೇಲೆ ಮುಚ್ಚಳ ಕಡ್ಡಾಯ, ಹಾರುತ್ತವೆ.

ತಳಕ್ಕೆ ಎರಡಿಂಚು ನುಣ್ಣನೆಯ ಮರಳು ಹಾಕಿ. ಚೂಪು ಜಲ್ಲಿ ಮೀಸೆ ಸವೆಸುತ್ತದೆ. ಮೀನಿಗಿಂತ ಅಡಗುತಾಣ ಎರಡಾದರೂ ಹೆಚ್ಚಿರಲಿ. ಒಂದೂವರೆ ಇಂಚಿನ ಪಿವಿಸಿ ಪೈಪನ್ನು ಆರಿಂಚಿನ ತುಂಡು ಮಾಡಿ, ಅಂಚು ಉಜ್ಜಿ ನಯಗೊಳಿಸಿ. ಎರಡೂ ತುದಿ ತೆರೆದಿರಬೇಕು: ಒಂದೇ ಬಾಯಿದ್ದರೆ ಅಟ್ಟಿಸಿಕೊಂಡು ಬಂದ ಮೀನಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ನಡುವೆ ಕಲ್ಲು, ಮರದ ಬೇರು ನಿಲ್ಲಿಸಿ, ಒಂದರ ಕಣ್ಣಿಗೆ ಇನ್ನೊಂದು ಬೀಳದಂತೆ ಮಾಡಿ.

ನೀರು 24–28 ಡಿಗ್ರಿ, ಪಿಎಚ್ 6.5–7.5. ಮೀನಿಗೆ ವಿಷವಾದ ಅಮೋನಿಯಾ, ನೈಟ್ರೈಟ್ ನೀರಿನಲ್ಲಿ ಸೊನ್ನೆಗೆ ಬರುವ ತನಕ ಮೀನು ಬಿಡಬೇಡಿ. ವಾರಕ್ಕೆ 30% ನೀರು ಬದಲಿಸಿ; ನಲ್ಲಿ ನೀರಾದರೆ ಕ್ಲೋರಿನ್ ತೆಗೆದು ಹಾಕಿ.

ಜಗಳದ ಹೊತ್ತಿಗೆ ಮೈಯ ಕಪ್ಪು ಪಟ್ಟೆಗಳು ಮಾಸಿ ಮೀನು ಬೂದಿ ಬಣ್ಣಕ್ಕೆ ತಿರುಗುತ್ತದೆ, ‘ಟಿಕ್ ಟಿಕ್’ ಸದ್ದೂ ಕೇಳಿಸಬಹುದು. ಹೊಸಬರು ಇದನ್ನು ಕಾಯಿಲೆ ಅಂದುಕೊಂಡು ಔಷಧಿಗೆ ಓಡುತ್ತಾರೆ. ಬೇಡ, ಜಗಳ ಮುಗಿದ ಮೇಲೆ ಪಟ್ಟೆ ಮರಳುತ್ತದೆ. ರೆಕ್ಕೆ ಹರಿದಿದ್ದರೆ, ಒಂದೇ ಮೀನು ಸದಾ ನೀರಿನ ಮೇಲ್ಭಾಗದಲ್ಲೇ ಇದ್ದರೆ, ಹೊಟ್ಟೆ ಒಳಸೇರಿದ್ದರೆ ಮಾತ್ರ ಚಿಂತಿಸಿ. ಆಗ ಕಲ್ಲು, ಪೈಪುಗಳನ್ನೆಲ್ಲ ಜಾಗ ಬದಲಿಸಿ. ಹಳೆಯ ಗಡಿ ಅಳಿಸಿ, ಯಜಮಾನನೂ ಹೊಸದಾಗಿ ಜಾಗ ಹುಡುಕಬೇಕಾಗುತ್ತದೆ. ಹೊಸ ಮೀನು ಸೇರಿಸುವಾಗಲೂ ಇದೇ ಉಪಾಯ, ಲೈಟ್ ಆರಿಸಿ ಬಿಡಿ.

ತಳಕ್ಕಿಳಿಯುವ ಆಹಾರದ ಪೆಲೆಟ್‌ಗಳನ್ನು ಲೈಟ್ ಆರಿದ ಮೇಲೆ ಎರಡು ಮೂರು ಕಡೆ ಹಾಕಿ. ಬಸವನಹುಳು ಕಂಡರೆ ಬಿಡುವುದಿಲ್ಲ. ಬೆಟ್ಟಾ, ಗಪ್ಪಿ ಜೊತೆಗೆ ಬೇಡ, ಉದ್ದ ರೆಕ್ಕೆ ಕಚ್ಚುತ್ತವೆ. ರೋಸಿ ಬಾರ್ಬ್ ಸರಿ. ಇಷ್ಟು ಗಲಾಟೆ ಬೇಡವೆನ್ನುವವರಿಗೆ ಜೀಬ್ರಾ ಲೋಚ್ ಮೆತ್ತಗಿನದು. ಅದು 1920ರಲ್ಲಿ ಪ್ರಾಣಿವಿಜ್ಞಾನಿ ಸಿ. ಆರ್. ನಾರಾಯಣ ರಾವ್ ಅವರು ತುಂಗಾ ನದಿಯ ಮೀನಿನಿಂದ ವಿವರಿಸಿದ ಜಾತಿ, ಈಗ ಅಳಿವಿನಂಚಿನಲ್ಲಿದೆ. ಹೊಳೆಯಿಂದ ಹಿಡಿದದ್ದನ್ನು ಕೊಳ್ಳಬೇಡಿ.

ಬಿಳಿ ಚುಕ್ಕೆ ರೋಗ ಬಂದರೆ ಉಷ್ಣತೆಯನ್ನು ನಿಧಾನವಾಗಿ 30 ಡಿಗ್ರಿಗೆ ಏರಿಸಿ, ಏರ್ ಪಂಪ್ ಜೋರು ಮಾಡಿ, ಔಷಧಿ ಅರ್ಧ ಪ್ರಮಾಣದಲ್ಲಿ ಕೊಡಿ; ಹುರುಪೆ ತೀರಾ ಸಣ್ಣದಾದ್ದರಿಂದ ಪೂರ್ತಿ ಪ್ರಮಾಣ ತಡೆಯುವುದಿಲ್ಲ. ಹಿಡಿಯಲು ಬಲೆ ಬೇಡ. ಕಣ್ಣಿನ ಕೆಳಗಿನ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ, ಪ್ಲಾಸ್ಟಿಕ್ ಡಬ್ಬಿಯೊಳಗೆ ಅಟ್ಟಿಕೊಳ್ಳಿ.