ಕಾರಿನ ಟೂಲ್ ಕಿಟ್: ಮೊದಲು ಬೋಲ್ಟ್ ಅಳೆದೆ, ಆಮೇಲೆ ಸ್ಪ್ಯಾನರ್ ಕೊಂಡೆ

ನೂರೆಂಟು ಪೀಸಿನ ರೆಡಿಮೇಡ್ ಟೂಲ್ ಬಾಕ್ಸ್ ಕೊಂಡವರ ಮನೆಯಲ್ಲಿ ಆ ಡಬ್ಬಿ ತೆರೆದು ನೋಡಿ. ಹತ್ತು ಹನ್ನೆರಡು ತುಂಡುಗಳ ಮೇಲೆ ಮಾತ್ರ ಗ್ರೀಸ್ ಕಲೆ ಇರುತ್ತದೆ. ಮಿಕ್ಕವು ಅಂಗಡಿಯಿಂದ ತಂದ ದಿನದ ಹೊಳಪಿನಲ್ಲೇ ಕೂತಿರುತ್ತವೆ. ತೀರಾ ಬೇಕಾದ ಒಂದೆರಡು ಸೈಜ್ ಮಾತ್ರ ಅದರಲ್ಲಿ ಇರುವುದೇ ಇಲ್ಲ. ಹಾಗಾಗಿ ನಾನು ಡಬ್ಬಿ ಕೊಳ್ಳಲಿಲ್ಲ. ಒಂದು ಭಾನುವಾರ ಬಾನೆಟ್ ಎತ್ತಿ, ವರ್ನಿಯರ್ ಕ್ಯಾಲಿಪರ್ ಹಿಡಿದು, ಕೈಗೆ ಸಿಗುವ ಪ್ರತಿ ಬೋಲ್ಟಿನ ತಲೆಯ ಅಗಲವನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆ. ಆ ಹಾಳೆಯೇ ನನ್ನ ಖರೀದಿ ಪಟ್ಟಿ ಆಯಿತು.

ನಮ್ಮ ಕಡೆ ಹೆಚ್ಚಾಗಿ ಕಾಣುವ ಮಾರುತಿ, ಹ್ಯುಂಡೈ ಕಾರುಗಳಲ್ಲಿ 8, 10, 12, 14, 17, 19 ಎಂಎಂ ಪದೇ ಪದೇ ಬರುತ್ತವೆ. ಬ್ಯಾಟರಿ ಟರ್ಮಿನಲ್‌ಗೆ 10. ಹೆಡ್‌ಲೈಟ್, ಬಂಪರ್, ಬ್ರಾಕೆಟ್‌ಗಳಿಗೂ ಬಹುಪಾಲು 10. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್, ಬ್ರೇಕ್ ಕ್ಯಾಲಿಪರ್ ಸುತ್ತ 12 ಅಥವಾ 14. ಎಂಜಿನ್ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಕೆಲವಕ್ಕೆ 14, ಕೆಲವಕ್ಕೆ 17. ವೀಲ್ ನಟ್ ಮಾರುತಿಯಲ್ಲಿ ಸಾಮಾನ್ಯವಾಗಿ 19, ಹ್ಯುಂಡೈನಲ್ಲಿ 21. ಟಾಟಾ, ಮಹೀಂದ್ರಾ, ಫೋಕ್ಸ್‌ವ್ಯಾಗನ್ ಇದ್ದವರಿಗೆ 13 ಮತ್ತು 16 ಬೇಕೇ ಬೇಕು. ಫೋಕ್ಸ್‌ವ್ಯಾಗನ್‌ನವರು ನಕ್ಷತ್ರದ ಆಕಾರದ ಟಾರ್ಕ್ಸ್ ಬಿಟ್‌ಗಳನ್ನೂ ಸೇರಿಸಿಕೊಳ್ಳಬೇಕು.

ಇಲ್ಲೇ ಒಂದು ಗೊಂದಲ ಬಿಡಿಸಿಬಿಡುತ್ತೇನೆ. ಅಂಗಡಿಯಲ್ಲಿ 'ಹತ್ತರ ಬೋಲ್ಟ್ ಕೊಡಿ' ಅಂದರೆ 10 ಎಂಎಂ ದಪ್ಪದ ಬೋಲ್ಟ್ ಕೊಡುತ್ತಾರೆ. ನಿಮಗೆ ಬೇಕಿರುವುದು ಹತ್ತರ ಸ್ಪ್ಯಾನರ್ ಹಿಡಿಯುವ ಬೋಲ್ಟ್, ಅಂದರೆ 6 ಎಂಎಂ ಬೋಲ್ಟ್. 8 ಎಂಎಂ ಬೋಲ್ಟಿಗೆ ಜಪಾನಿ ಮೂಲದ ಕಾರುಗಳಲ್ಲಿ 12ರ ಸ್ಪ್ಯಾನರ್, ಟಾಟಾ ಮತ್ತು ಯುರೋಪಿನ ಕಾರುಗಳಲ್ಲಿ 13ರದು. ಕಳೆದುಹೋದ ಬೋಲ್ಟ್ ತರಲು ಹೋಗುವಾಗ ಪಕ್ಕದ ಇನ್ನೊಂದನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು ಹೋಗುವುದೇ ಒಳ್ಳೆಯದು.

ಸ್ಪ್ಯಾನರ್‌ಗಳಲ್ಲಿ ಒಂದು ತುದಿ ರಿಂಗ್, ಇನ್ನೊಂದು ತುದಿ ಬಾಯಿ ತೆರೆದ ಕಾಂಬಿನೇಷನ್ ಸ್ಪ್ಯಾನರ್‌ಗಳನ್ನೇ ಬಿಡಿಬಿಡಿಯಾಗಿ ಆರಿಸಿಕೊಂಡೆ. 10ರದು ಎರಡು, ಉಳಿದವು ಒಂದೊಂದು. ಟಾಪಾರಿಯಾ, ಝಲಾನಿಯಂಥ ನಮ್ಮ ದೇಶದ ಬ್ರಾಂಡ್ ಮನೆ ಬಳಕೆಗೆ ಧಾರಾಳವಾಗಿ ಸಾಕು. ಮೈಸೂರಿನ ಸಂತೆಪೇಟೆಯಲ್ಲೋ ಮಂಡ್ಯದ ಪೇಟೆ ಬೀದಿಯಲ್ಲೋ ಹಾರ್ಡ್‌ವೇರ್ ಅಂಗಡಿಗೆ ಹೋಗುವಾಗ ಒಂದು ಹೊಸ ಬೋಲ್ಟ್ ಒಯ್ಯಿರಿ. ರಿಂಗ್ ಅದರ ಮೇಲೆ ಕೂರಿಸಿ ಅತ್ತಿತ್ತ ಅಲ್ಲಾಡಿಸಿ. ಸ್ವಲ್ಪ ಲೂಸ್ ಇರುವುದು ಸಹಜ. ಗಡಗಡ ಅಂದರೆ ಬೇಡ. ಅದೇ ಸ್ಪ್ಯಾನರ್ ನಾಳೆ ಬಿಗಿಯಾದ ಬೋಲ್ಟಿನ ಮೂಲೆಗಳನ್ನು ಸವೆಸಿ ಗುಂಡಗೆ ಮಾಡುತ್ತದೆ. ಬಿಚ್ಚುವಾಗ ಮೊದಲ ಹಿಡಿತ ಯಾವಾಗಲೂ ರಿಂಗ್ ತುದಿಯದೇ ಇರಲಿ. ಅದು ಬೋಲ್ಟನ್ನು ಸುತ್ತಲೂ ಹಿಡಿಯುತ್ತದೆ, ತೆರೆದ ಬಾಯಿ ಹಿಡಿಯುವುದು ಎರಡು ಮುಖಗಳನ್ನು ಮಾತ್ರ. ಸಡಿಲವಾದ ಮೇಲೆ ಬೇಗ ತಿರುಗಿಸಲು ತೆರೆದ ಬಾಯಿ ಸರಿ.

ಗ್ಯಾರೇಜುಗಳಲ್ಲಿ ಗೋಟಿ ಅಂತ ಕರೆಯುವ ಸಾಕೆಟ್‌ಗಳಲ್ಲಿ ಆರು ಮೂಲೆಯವನ್ನೇ ಕೇಳಿ ತೆಗೆದುಕೊಂಡೆ. ಹನ್ನೆರಡು ಮೂಲೆಯದು ಬೋಲ್ಟ್ ಮೇಲೆ ಕೂರಿಸಲು ಸುಲಭ, ಆದರೆ ತುಕ್ಕು ಹಿಡಿದ ತಲೆಯ ಮೇಲೆ ಬೇಗ ಜಾರುತ್ತದೆ. ಡ್ರೈವ್, ಅಂದರೆ ಸಾಕೆಟ್ ಸಿಕ್ಕಿಸುವ ಚೌಕ ತುದಿ, ಎರಡು ಅಳತೆಯದು ಇಟ್ಟುಕೊಂಡಿದ್ದೇನೆ: ಸಣ್ಣ ಬೋಲ್ಟ್‌ಗಳಿಗೆ ಮುಕ್ಕಾಲು ಅಡಿಗಿಂತ ಚಿಕ್ಕ ಹಿಡಿಯ 3/8 ಇಂಚಿನ, ಒಂದು ದಿಕ್ಕಿಗೆ ಮಾತ್ರ ಹಿಡಿದು ತಿರುಗಿಸುವ ರ‍್ಯಾಚೆಟ್, ಚಕ್ರ ಮತ್ತು ಸಸ್ಪೆನ್ಷನ್‌ಗೆ 1/2 ಇಂಚಿನದು. ಇದು ಶೋಕಿಯಲ್ಲ, ಲೆಕ್ಕ. ಹತ್ತರ ತಲೆಯ ಬೋಲ್ಟಿಗೆ ಬೇಕಿರುವ ಬಿಗಿ ಸುಮಾರು 10 ನ್ಯೂಟನ್ ಮೀಟರ್ (ತಿರುಗಿಸುವ ಬಲದ ಅಳತೆ). 25 ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಅದು ಬರೀ 4 ಕೆಜಿ ತೂಕದ ಒತ್ತು. ದೊಡ್ಡ ರ‍್ಯಾಚೆಟ್ ಹಿಡಿದಾಗ ನಮಗೆ ತಿಳಿಯದೆಯೇ ಇಪ್ಪತ್ತು ಕೆಜಿ ಹಾಕಿರುತ್ತೇವೆ. ಬೋಲ್ಟ್ ಮೊದಲು ಬೆಣ್ಣೆಯ ಹಾಗೆ ಮೆತ್ತಗೆ ತಿರುಗುತ್ತದೆ. ಬಿಗಿಯಾಗುತ್ತಿದೆ ಅಂದುಕೊಳ್ಳುವಷ್ಟರಲ್ಲಿ ಟಕ್ ಎಂದು ತಲೆ ಕೈಗೆ ಬರುತ್ತದೆ, ದೇಹ ಎಂಜಿನ್ನಿನ ಅಲ್ಯೂಮಿನಿಯಂ ಒಳಗೇ ಉಳಿಯುತ್ತದೆ. ಆ ಮೆತ್ತನೆಯ ತಿರುಗಾಟ ಕೈಗೆ ತಿಳಿದ ಕ್ಷಣವೇ ನಿಲ್ಲಿಸಬೇಕು. ಸಣ್ಣ ಬೋಲ್ಟಿಗೆ ದೊಡ್ಡ ರ‍್ಯಾಚೆಟ್ಟೇ ಗತಿ ಅಂತಾದರೆ ಹಿಡಿಯ ತುದಿ ಬಿಟ್ಟು ತಲೆಯ ಹತ್ತಿರ ಹಿಡಿಯಿರಿ.

ಎಕ್ಸ್‌ಟೆನ್ಷನ್ ರಾಡ್ ಒಂದು ಗಿಡ್ಡ, ಒಂದು ಉದ್ದ. ಸ್ಪಾರ್ಕ್ ಪ್ಲಗ್‌ಗೆ ಒಳಗೆ ರಬ್ಬರ್ ಇರುವ 16 ಎಂಎಂ ಸಾಕೆಟ್. ಹಳೆಯ ಮಾರುತಿ 800, ಓಮ್ನಿಗೆ 21ರದು. ಪ್ಲಗ್ ವಾಪಸ್ ಹಾಕುವಾಗ ಮೊದಲ ನಾಲ್ಕೈದು ಸುತ್ತು ರ‍್ಯಾಚೆಟ್ ಇಲ್ಲದೆ ಎಕ್ಸ್‌ಟೆನ್ಷನ್ ರಾಡನ್ನು ಬೆರಳಲ್ಲೇ ತಿರುಗಿಸಿ. ಅಡ್ಡ ಥ್ರೆಡ್ ಕಚ್ಚಿದರೆ ಸಿಲಿಂಡರ್ ಹೆಡ್ಡನ್ನೇ ರಿಪೇರಿ ಮಾಡಿಸಬೇಕಾಗುತ್ತದೆ.

ಈಗ ವೀಲ್ ನಟ್. ಟೂಲ್ ಕಿಟ್ ವಿಷಯದಲ್ಲಿ ಜನ ಅತಿ ಹೆಚ್ಚು ಸೋಲುವುದು ಇಲ್ಲೇ. ಕಾರಿನ ಜೊತೆ ಕೊಡುವ ಎಲ್ ಆಕಾರದ ಸ್ಪ್ಯಾನರ್ ಗಿಡ್ಡ. ಟೈರ್ ಅಂಗಡಿಯಲ್ಲಿ ಗಾಳಿ ಗನ್ನಿಂದ ಬಿಗಿದ ನಟ್ ಅದಕ್ಕೆ ಜಗ್ಗುವುದಿಲ್ಲ. ಚಿಕ್ಕ ಕಾರಿನ ವೀಲ್ ನಟ್‌ಗೆ ಕಂಪನಿ ಹೇಳುವ ಬಿಗಿ ಮಾಡೆಲ್ ನೋಡಿಕೊಂಡು 85ರಿಂದ 120 ನ್ಯೂಟನ್ ಮೀಟರ್. ನಿಖರ ಅಂಕಿ ನಿಮ್ಮ ಮ್ಯಾನ್ಯುಯಲ್‌ನಲ್ಲಿದೆ. 110 ಎಂದಿಟ್ಟುಕೊಂಡರೂ ಕಾಲು ಮೀಟರ್ ಹಿಡಿಗೆ 45 ಕೆಜಿ ಒತ್ತಬೇಕು. ಅರ್ಧ ಮೀಟರ್ ಹಿಡಿಗೆ 22 ಕೆಜಿ ಸಾಕು. ಗನ್ ಇದಕ್ಕಿಂತ ಎಷ್ಟೋ ಜಾಸ್ತಿ ಬಿಗಿದಿರುತ್ತದೆ. ಅದಕ್ಕೇ ಅರ್ಧ ಮೀಟರ್ ಉದ್ದದ ಬ್ರೇಕರ್ ಬಾರ್ (ಒಳಗೆ ಹಲ್ಲುಗಳಿಲ್ಲದ ಗಟ್ಟಿ ಹಿಡಿ) ಕೊಂಡು, ನಮ್ಮ ಕಾರಿನ ಸೈಜಿನ ಆಳದ ಸಾಕೆಟ್ ಜೊತೆಗೆ ಡಿಕ್ಕಿಯಲ್ಲಿ ಇಟ್ಟಿದ್ದೇನೆ. ರ‍್ಯಾಚೆಟ್‌ನಿಂದ ಬಿಗಿಯಾದ ನಟ್ ಬಿಚ್ಚಬಾರದು. ಒಳಗಿನ ಸಣ್ಣ ಹಲ್ಲುಗಳು ಆ ಭಾರಕ್ಕೆ ಮುರಿಯುತ್ತವೆ. ಕೈಯಲ್ಲಿ ಆಗದಿದ್ದರೆ ಬಾರ್ ನೆಲಕ್ಕೆ ಸಮನಾಗಿ ಎಡಗಡೆ ಬರುವಂತೆ ಕೂರಿಸಿ, ಕೆಳಮುಖವಾಗಿ ದೇಹದ ಭಾರ ಬಿಡಿ. ಮೇಲೆ ಹತ್ತಿ ಜಿಗಿಯಬೇಡಿ, ಸಾಕೆಟ್ ಜಾರಿದರೆ ಮೊಣಕಾಲು ಹೋಗುತ್ತದೆ.

ಬಿಗಿಯಲು, ಹೊಂದಿಸಿಟ್ಟ ಅಂಕಿಯಷ್ಟು ಬಿಗಿಯಾದಾಗ ಕ್ಲಿಕ್ ಅನ್ನುವ ಟಾರ್ಕ್ ರೆಂಚ್ ಇದೆ, 1/2 ಇಂಚಿನದು, 40ರಿಂದ 200 ನ್ಯೂಟನ್ ಮೀಟರ್‌ವರೆಗಿನದು. ಇಡೀ ಕಿಟ್‌ನಲ್ಲಿ ದುಬಾರಿ ಇದೇ, ಕೊಂಡಿದ್ದಕ್ಕೆ ಒಂದು ಚೂರೂ ಬೇಸರವಿಲ್ಲ. ನಟ್‌ಗಳನ್ನು ಕೈಯಲ್ಲಿ ಕೂರಿಸಿ, ಒಂದರ ಪಕ್ಕದ್ದಲ್ಲ, ಎದುರಿನದ್ದು ಅನ್ನುವ ಕ್ರಮದಲ್ಲಿ ಸಾಧಾರಣ ಬಿಗಿ ಕೊಟ್ಟು, ಕಾರು ನೆಲಕ್ಕೆ ಇಳಿಸಿದ ಮೇಲೆ ರೆಂಚ್ ಹಾಕಬೇಕು. ಒಂದು ಸಲ ಕ್ಲಿಕ್ ಅಂದರೆ ಮುಗಿಯಿತು. ಎರಡು ಮೂರು ಸಲ ಕ್ಲಿಕ್ ಮಾಡಿದರೆ ಪ್ರತಿ ಸಲವೂ ಒಂದಿಷ್ಟು ಹೆಚ್ಚು ಬಿಗಿ ಕೂಡುತ್ತದೆ. ಸ್ಟಡ್‌ಗೆ (ನಟ್ ಕೂರುವ ಥ್ರೆಡ್ ಕಡ್ಡಿಗೆ) ಗ್ರೀಸ್, ಆಯಿಲ್ ಸವರಬೇಡಿ. ಜಾರು ಹೆಚ್ಚಾದರೆ ಅದೇ ಅಂಕಿಗೂ ಸ್ಟಡ್ ಹೆಚ್ಚು ಎಳೆದುಕೊಳ್ಳುತ್ತದೆ. ಚಕ್ರ ಬದಲಿಸಿ ಐವತ್ತು ನೂರು ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ.

ಜಾಕ್ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ಕಾರಿನ ಜೊತೆ ಬರುವ ಕತ್ತರಿ ಜಾಕ್ ಚಕ್ರ ಬದಲಿಸುವುದಕ್ಕೆ ಮಾತ್ರ. ಅದರ ಮೇಲೆ ನಿಂತ ಕಾರಿನ ಕೆಳಗೆ ಕೈ ಕಾಲು ತಲೆ ಏನೂ ಹೋಗಬಾರದು. ಕೆಳಗೆ ಮಲಗುವ ಕೆಲಸಕ್ಕೆ ಎರಡು ಟನ್ನಿನ ಜಾಕ್ ಸ್ಟ್ಯಾಂಡ್ ಒಂದು ಜೊತೆ ಬೇಕು, ನೆಲ ಗಟ್ಟಿ ಇರಬೇಕು, ಮಿಕ್ಕ ಚಕ್ರಗಳಿಗೆ ಮರದ ಅಡ್ಡಗಟ್ಟೆ ಇರಬೇಕು. ಮಂಡ್ಯ ಕಡೆ ನಾಲೆ ಏರಿಯ ಮೇಲೋ ಗದ್ದೆ ಬದಿಯಲ್ಲೋ ಪಂಚರ್ ಆದರೆ ಜಾಕ್ ಏರುವ ಬದಲು ಮಣ್ಣಿಗೆ ಇಳಿಯುತ್ತದೆ. ಅದಕ್ಕೆ ಒಂದು ಅಡಿ ಚೌಕದ, ಒಂದಿಂಚು ದಪ್ಪದ ಪ್ಲೈವುಡ್ ಹಲಗೆ ಸ್ಟೆಪ್ನಿ ಪಕ್ಕದಲ್ಲೇ ಇದೆ. ಬೇಸಿಗೆಯಲ್ಲಿ ಕಾದ ಡಾಂಬರಿನ ಮೇಲೂ ಅದು ಬೇಕಾಗುತ್ತದೆ.

ಮೈಸೂರು-ಬೆಂಗಳೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಪಂಚರ್ ಕಿಟ್ ಈಗ ಮೊದಲಿಗಿಂತ ಮುಖ್ಯ. 2023ರ ಆಗಸ್ಟ್ 1ರಿಂದ ಅದರ ಮುಖ್ಯ ಪಥಕ್ಕೆ ಬೈಕ್, ಆಟೋ ಬಿಡುತ್ತಿಲ್ಲ. ಹಿಂದಿನ ಹಾಗೆ ಪಂಚರ್ ಅಂಗಡಿಯವರು ಟಿವಿಎಸ್ ಎಕ್ಸೆಲ್‌ನಲ್ಲಿ ಬಂದುಬಿಡುತ್ತಾರೆ ಅಂತ ಕಾಯುವ ಹಾಗಿಲ್ಲ. ಹೆದ್ದಾರಿ ಸಹಾಯವಾಣಿ 1033 ಫೋನಲ್ಲಿ ಸೇವ್ ಆಗಿರಲಿ, ಹಿಂದೆ ದೂರದಲ್ಲಿ ಇಡಲು ಕೆಂಪು ತ್ರಿಕೋನ, ಮೈಮೇಲೆ ಹೊಳೆಯುವ ಜಾಕೆಟ್ ಇರಲಿ. ವಾಹನಗಳು ಹಾಯುವ ಕಡೆಯ ಚಕ್ರಕ್ಕೆ ಅಲ್ಲಿ ಕೈ ಹಾಕಲೇಬೇಡಿ. ಮೆಲ್ಲಗೆ ಸರ್ವಿಸ್ ರಸ್ತೆಗೆ ಇಳಿಸಿ. ರಿಮ್ ಹಾಳಾದರೂ ಪರವಾಗಿಲ್ಲ.

ಟ್ಯೂಬ್‌ಲೆಸ್ ಕಿಟ್ ಕೊಳ್ಳುವಾಗ ಪ್ಲಾಸ್ಟಿಕ್ ಹಿಡಿಯದು ಬೇಡ, ಟಿ ಆಕಾರದ ಲೋಹದ ಹಿಡಿಯದೇ ಬೇಕು. ಮೊಳೆ ಕೀಳುವ ಮೊದಲು ಅದು ಯಾವ ಓರೆಯಲ್ಲಿ ನುಗ್ಗಿದೆ ನೋಡಿ, ಅರದ ಸೂಜಿಯನ್ನು ಅದೇ ಓರೆಯಲ್ಲಿ ಏಳೆಂಟು ಸಲ ಆಡಿಸಿ. ರಬ್ಬರ್ ಎಳೆಯನ್ನು ಕಣ್ಣಿರುವ ಇನ್ನೊಂದು ಸೂಜಿಗೆ ಪೋಣಿಸಿ, ಸೊಲ್ಯೂಷನ್ ಸವರಿ ಮುಕ್ಕಾಲು ಭಾಗ ಒಳಗೆ ಒತ್ತಿ, ಸೂಜಿಯನ್ನು ಒಂದೇ ಏಟಿಗೆ ಎಳೆಯಿರಿ. ನಿಧಾನ ಮಾಡಿದರೆ ಎಳೆಯೂ ಜೊತೆಗೇ ಬರುತ್ತದೆ. ಮೇಲೆ 3-4 ಎಂಎಂ ಬಿಟ್ಟು ಕತ್ತರಿಸಿ, ಸೋಪಿನ ನೀರು ಹಾಕಿ ಗುಳ್ಳೆ ನೋಡಿ. ಇದು ನೆಲಕ್ಕೆ ತಾಗುವ ಭಾಗಕ್ಕೆ ಮಾತ್ರ. ಟೈರಿನ ಪಕ್ಕೆಗೆ ಹಾಕಿದ ಎಳೆ ನಿಲ್ಲುವುದಿಲ್ಲ.

ಗಾಳಿ ತುಂಬುವ ಕಂಪ್ರೆಸರ್ ಆರಿಸುವಾಗ ಅದು ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಮೊದಲು ಓದಿ. ಡ್ಯಾಶ್‌ಬೋರ್ಡಿನ 12 ವೋಲ್ಟ್ ಸಾಕೆಟ್ಟಿನ ಫ್ಯೂಸ್ ಸಾಮಾನ್ಯವಾಗಿ 15 ಆಂಪಿಯರ್. ಅದಕ್ಕಿಂತ ಹೆಚ್ಚು ಎಳೆಯುವ ಪಂಪು ಹಾಕಿದರೆ ಫ್ಯೂಸ್ ಹೋಗಿ, ಮೊಬೈಲ್ ಚಾರ್ಜರ್ರೂ ಸತ್ತು, ನಡುರಸ್ತೆಯಲ್ಲಿ ಫೋನೂ ಇಲ್ಲದ ಹಾಗಾಗುತ್ತದೆ. ದೊಡ್ಡ ಪಂಪು ಬೇಕಿದ್ದರೆ ನೇರ ಬ್ಯಾಟರಿಗೆ ಕ್ಲಿಪ್ ಹಾಕುವಂಥದ್ದು ತೆಗೆದುಕೊಳ್ಳಿ. ಎಂಜಿನ್ ಓಡುತ್ತಿರಲಿ, ಹತ್ತು ನಿಮಿಷಕ್ಕೊಮ್ಮೆ ಪಂಪಿಗೆ ಬಿಡುವು ಕೊಡಿ.

ಕರೆಂಟಿನ ವಿಷಯಕ್ಕೆ ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಬೆಳಿಗ್ಗೆ ಕಾರು ಮುಟ್ಟುವ ಮುನ್ನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಅರ್ಧ, 12ಕ್ಕಿಂತ ಕೆಳಗೆ ಅಂದರೆ ಖಾಲಿ. ಸ್ಟಾರ್ಟ್ ಮಾಡುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲ. ಎಂಜಿನ್ ಓಡುವಾಗ 13.8ರಿಂದ 14.5 ಬರದಿದ್ದರೆ ಅನುಮಾನ ಆಲ್ಟರ್ನೇಟರ್ ಮೇಲೆ. ಈ ಮೂರು ಹೊತ್ತಿನ ಅಂಕಿ ಗೊತ್ತಿದ್ದರೆ ಸುಮ್ಮನೆ ಹೊಸ ಬ್ಯಾಟರಿ ಕೊಳ್ಳುವುದು ತಪ್ಪುತ್ತದೆ. ಒಂದು ಎಚ್ಚರ: ಮೀಟರಿನ ಕೆಂಪು ವೈರು 10 ಆಂಪಿಯರ್ ತೂತಿನಲ್ಲಿ ಇರುವಾಗ ಬ್ಯಾಟರಿಯ ಎರಡು ತುದಿ ಮುಟ್ಟಿಸಿದರೆ ಅದು ನೇರ ಶಾರ್ಟ್. ವೈರು ಕರಗುತ್ತದೆ. ಬ್ಯಾಟರಿ ಬಿಚ್ಚುವಾಗ ಮೊದಲು ಕಪ್ಪು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಇನ್ನೊಂದು ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವ ಜಂಪರ್ ಕೇಬಲ್ ತಾಮ್ರದ್ದೇ ಇರಲಿ. ತಾಮ್ರದ ಬಣ್ಣದ ಅಲ್ಯೂಮಿನಿಯಂ ಬಿಸಿಯಾಗುತ್ತದೆ, ಎಂಜಿನ್ ತಿರುಗುವುದಿಲ್ಲ. ಕೊನೆಯ ಕಪ್ಪು ಕ್ಲಿಪ್ಪನ್ನು ಸತ್ತ ಬ್ಯಾಟರಿಗೆ ಹಾಕದೆ ಆ ಕಾರಿನ ಎಂಜಿನ್ನಿನ ಬರಿ ಲೋಹಕ್ಕೆ ಹಾಕಿ.

ಫ್ಯೂಸ್‌ಗಳು 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು, ಒಂದೊಂದು ಬಣ್ಣದ್ದು ಮೂರು. ಕೊಳ್ಳುವ ಮುಂಚೆ ನಿಮ್ಮ ಕಾರಿನದು ಮಿನಿಯೋ ದೊಡ್ಡ ಗಾತ್ರದ್ದೋ ಕಿತ್ತು ನೋಡಿ. 10ರ ಜಾಗಕ್ಕೆ 20 ಹಾಕಿದರೆ ಫ್ಯೂಸ್ ಉಳಿದು ವೈರು ಸುಡುತ್ತದೆ. ಕಬ್ಬಿನ ಗದ್ದೆಯ ಪಕ್ಕ ಕಾರು ನಿಲ್ಲಿಸುವ ಊರುಗಳಲ್ಲಿ ಇಲಿ ಕಾಟ ವಿಪರೀತ. ಕಬ್ಬು ಕಡಿದ ಮೇಲೆ ಅವಕ್ಕೆ ನೆಲೆ ತಪ್ಪಿ ಬಾನೆಟ್ ಒಳಗೆ ಬೆಚ್ಚಗೆ ಸೇರಿಕೊಳ್ಳುತ್ತವೆ. ಹಾಗಾಗಿ ವೈರ್ ಸ್ಟ್ರಿಪ್ಪರ್, ಒಳ್ಳೆಯ ಇನ್ಸುಲೇಷನ್ ಟೇಪ್, ಬಿಸಿಗೆ ಕುಗ್ಗಿ ವೈರು ಹಿಡಿಯುವ ಹೀಟ್ ಶ್ರಿಂಕ್ ತೋಳು, ಮೂರು ನಾಲ್ಕು ಅಡಿ ವೈರು, ಕೇಬಲ್ ಟೈ ಇವು ನನ್ನ ಕಿಟ್‌ನಲ್ಲಿ ಕಾಯಂ. ಏರ್‌ಬ್ಯಾಗ್‌ನ ಹಳದಿ ವೈರು ಕಡಿದಿದ್ದರೆ ಮಾತ್ರ ಮುಟ್ಟದೆ ಬಿಡಿ.

ಇನ್ನುಳಿದದ್ದು ಬೇಗ ಹೇಳುತ್ತೇನೆ. ಫಿಲಿಪ್ಸ್ 1 ಮತ್ತು 2 ನಂಬರಿನ ಸ್ಕ್ರೂಡ್ರೈವರ್, ಚಪ್ಪಟೆ ತುದಿಯದೊಂದು, ಕಟಿಂಗ್ ಪ್ಲೇಯರ್, ನೋಸ್ ಪ್ಲೇಯರ್, ಅಲೆನ್ ಕೀ ಸೆಟ್, ಅರ್ಧ ಕೆಜಿ ಸುತ್ತಿಗೆ, ತಲೆಗೆ ಕಟ್ಟುವ ಟಾರ್ಚ್, ನೈಟ್ರೈಲ್ ಗ್ಲೌಸ್, ಡಬ್ಲ್ಯೂಡಿ-40. ತುಕ್ಕಿಗೆ ಇದನ್ನು ಹೊಡೆದ ತಕ್ಷಣ ತಿರುಗಿಸಬೇಡಿ, ಅರ್ಧ ಗಂಟೆ ಬಿಡಿ. ಆಯಿಲ್ ನೀವೇ ಬದಲಿಸುವುದಾದರೆ ಫಿಲ್ಟರ್ ರೆಂಚ್, ಐದು ಲೀಟರ್ ಹಿಡಿಯುವ ಟ್ರೇ, ಡ್ರೈನ್ ಬೋಲ್ಟಿಗೆ ಪ್ರತಿ ಸಲ ಹೊಸ ವಾಷರ್. ಹೊಸ ಫಿಲ್ಟರ್ ರಬ್ಬರ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು, ರೆಂಚ್ ಬಿಚ್ಚಲು ಮಾತ್ರ. ಕೂಲಂಟ್‌ಗೆ ಬೆರೆಸಲು ಡಿಸ್ಟಿಲ್ಡ್ ವಾಟರ್ ಒಂದು ಕ್ಯಾನ್. ನಮ್ಮ ಬೋರ್ ನೀರು ಗಡಸು, ರೇಡಿಯೇಟರ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಬಿಎಸ್-6 ಹೊಗೆ ನಿಯಮದ ಕಾರು ಇದ್ದವರು, ಕಾರಿನ ಕಂಪ್ಯೂಟರ್ ಕೊಡುವ ದೋಷದ ಕೋಡ್ ಓದುವ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಸೇರಿಸಿಕೊಳ್ಳಿ. ಆದರೆ ಕೋಡ್ ತೋರಿಸುವುದು ತೊಂದರೆ ಕಂಡ ಜಾಗವನ್ನು, ಕೆಟ್ಟ ಪಾರ್ಟನ್ನಲ್ಲ. ಓ2 (ಆಮ್ಲಜನಕ) ಸೆನ್ಸರ್ ಅಂತ ಬಂದ ಕೂಡಲೇ ಸೆನ್ಸರ್ ಕೊಳ್ಳಬೇಡಿ, ಮೊದಲು ಅದರ ವೈರು ನೋಡಿ.

ಸಸ್ಪೆನ್ಷನ್ ಸ್ಪ್ರಿಂಗ್ ಒತ್ತುವ ಟೂಲ್, ಟೈಮಿಂಗ್ ಬೆಲ್ಟಿನ ಲಾಕ್, ಎಸಿ ಗ್ಯಾಸ್ ಗೇಜ್ ಇವನ್ನು ಬೇಕೆಂದೇ ಕೊಳ್ಳಲಿಲ್ಲ. ಅದೆಲ್ಲ ಪಳಗಿದ ಕೈಯ ಕೆಲಸ.

ಎಲ್ಲವನ್ನೂ ಡಿಕ್ಕಿಯಲ್ಲಿ ಹೊರುವುದಿಲ್ಲ. ಜಾಕ್, ಹಲಗೆ, ಬ್ರೇಕರ್ ಬಾರ್, ಪಂಚರ್ ಕಿಟ್, ಪಂಪು, ಜಂಪರ್, ಫ್ಯೂಸ್, 10 ಮತ್ತು 12ರ ಸ್ಪ್ಯಾನರ್, ಪ್ಲೇಯರ್, ಟಾರ್ಚ್ ಇಷ್ಟು ಕ್ಯಾನ್ವಾಸ್ ಚೀಲದಲ್ಲಿ ಕಾರಿನೊಳಗೆ, ಉಳಿದದ್ದು ಮನೆಯ ಪೆಟ್ಟಿಗೆಯಲ್ಲಿ. ಆಯುಧಪೂಜೆಯ ಹಿಂದಿನ ದಿನ ಎರಡನ್ನೂ ಸುರಿದು, ಮುಚ್ಚಳದ ಒಳಗೆ ಅಂಟಿಸಿದ ಪಟ್ಟಿ ಹಿಡಿದು ಎಣಿಸುತ್ತೇನೆ. ಸೀಮೆಎಣ್ಣೆ ಸಿಗದ ಈ ಕಾಲದಲ್ಲಿ ಡೀಸೆಲ್ ಬಟ್ಟೆಯಲ್ಲಿ ಒರೆಸಿ, ತೆಳುವಾಗಿ ಎಂಜಿನ್ ಆಯಿಲ್ ಸವರುತ್ತೇನೆ. ಸೊಲ್ಯೂಷನ್ ಟ್ಯೂಬ್ ಒಣಗಿದ್ದರೆ ಹೊಸದು ಬರುತ್ತದೆ, ಸ್ಟೆಪ್ನಿ ಗಾಳಿ ಅವತ್ತೇ ನೋಡುತ್ತೇನೆ. ಪೂಜೆಯಲ್ಲಿ ಅರಿಶಿನ ಕುಂಕುಮ ಸ್ಪ್ಯಾನರ್‌ಗಳಿಗೆ ಇಡುತ್ತೇವೆ, ರ‍್ಯಾಚೆಟ್ ತಲೆಗೆ ಇಡುವುದಿಲ್ಲ. ಆ ಪುಡಿ ಆಯಿಲ್ ಜೊತೆ ಸೇರಿದರೆ ಹಲ್ಲುಗಳ ನಡುವೆ ಗಟ್ಟಿಯಾಗಿ ಕೂರುತ್ತದೆ. ಟಾರ್ಕ್ ರೆಂಚನ್ನು ಅದರ ಅತಿ ಕಡಿಮೆ ಅಂಕಿಗೆ ಇಳಿಸಿ, ಸ್ಪ್ರಿಂಗ್ ಸಡಿಲ ಮಾಡಿ, ಡಬ್ಬಿಯೊಳಗೇ ಮಲಗಿಸಿ ಹೂವು ಏರಿಸುತ್ತೇವೆ.