ಫೋಟೊ ಮಸುಕಾಯಿತೆಂದು ಲೆನ್ಸನ್ನು ದೂರುವ ಮೊದಲು

ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳ ಕೆಳಗೆ ಹಕ್ಕಿ ಸೀಸನ್ನಿನಲ್ಲಿ ನಿಂತರೆ ಸಾಕು, ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: ‘ಈ ಲೆನ್ಸೇ ಸರಿ ಇಲ್ಲ ಸಾರ್, ಒಂದೂ ಶಾರ್ಪ್ ಬರ್ತಿಲ್ಲ’. ಕ್ಯಾಮೆರಾ ಇಸ್ಕೊಂಡು ತೆಗೆದ ಚಿತ್ರವನ್ನು ದೊಡ್ಡದು ಮಾಡಿ ನೋಡುತ್ತೇನೆ. ಗೂಡಿಗೆ ಅಡ್ಡ ಬಂದ ಹುಣಸೆ ರೆಂಬೆಯ ಒಂದೊಂದು ಎಲೆಯನ್ನೂ ಎಣಿಸಬಹುದು. ಅದರ ಹಿಂದೆ ಕೂತ ಬಣ್ಣದ ಕೊಕ್ಕರೆ ಮಾತ್ರ ಮಸುಕು. ಎಲೆಯನ್ನು ಅಷ್ಟು ಚೊಕ್ಕವಾಗಿ ತೋರಿಸಿದ ಲೆನ್ಸ್ ಕೆಟ್ಟಿಲ್ಲ. ಎಲ್ಲಿ ನೋಡಬೇಕು ಎಂದು ನಾವು ಅದಕ್ಕೆ ಹೇಳಿಲ್ಲ, ಅಷ್ಟೆ. ಇದು ತಿಳಿಯದೆ ಸಾವಿರಾರು ರೂಪಾಯಿ ಕೊಟ್ಟು ಇನ್ನೊಂದು ಲೆನ್ಸ್ ತಂದು, ಅದರಲ್ಲೂ ಎಲೆಯನ್ನೇ ತೆಗೆದವರನ್ನು ನೋಡಿದ್ದೇನೆ. ಆ ದುಡ್ಡು ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಕ್ರಮ ತಪ್ಪಿಸದೆ ಒಂದೊಂದಾಗಿ ನೋಡುತ್ತ ಬನ್ನಿ.

ಮೊದಲು ವ್ಯೂಫೈಂಡರ್

ಕಣ್ಣಿಟ್ಟು ನೋಡಿದಾಗಲೇ ಎಲ್ಲ ಮಂಜು ಮಂಜು, ತೆಗೆದ ಫೋಟೊ ಮಾತ್ರ ಚೆನ್ನಾಗಿದೆ ಎಂದಾದರೆ ತಪ್ಪು ಡಯಾಪ್ಟರ್‌ನದು. ವ್ಯೂಫೈಂಡರ್ ಪಕ್ಕದಲ್ಲಿ ಕೂಡು, ಕಳೆ ಚಿಹ್ನೆಗಳಿರುವ ಪುಟ್ಟ ಗಾಲಿಯೇ ಅದು. ಬ್ಯಾಗಿನೊಳಗೆ ಉಜ್ಜಿ ತಾನಾಗಿಯೇ ತಿರುಗಿಬಿಡುತ್ತದೆ. ಮನೆಯಲ್ಲಿ ಇನ್ನೊಬ್ಬರು ಕ್ಯಾಮೆರಾ ಬಳಸಿದರೂ ಬದಲಾಗಿರುತ್ತದೆ.

ಇದನ್ನು ಹೊಂದಿಸುವಾಗ ಹೆಚ್ಚಿನವರು ದೂರದ ಮರ ನೋಡುತ್ತ ಗಾಲಿ ತಿರುಗಿಸುತ್ತಾರೆ. ಹಾಗೆ ಮಾಡಬೇಡಿ. ಮರ ಸ್ಪಷ್ಟವಾಗಿ ಕಾಣುವುದು ಲೆನ್ಸಿನ ಫೋಕಸ್ ಮೇಲೂ ನಿಂತಿದೆ. ಖಾಲಿ ಗೋಡೆಯ ಕಡೆ ಕ್ಯಾಮೆರಾ ಹಿಡಿದು ಶಟರ್ ಗುಂಡಿಯನ್ನು ಅರ್ಧ ಒತ್ತಿ. ವ್ಯೂಫೈಂಡರ್‌ನ ಕೆಳಸಾಲಿನಲ್ಲಿ ಶಟರ್ ವೇಗ (ಬೆಳಕು ಒಳಬರುವ ಹೊತ್ತು), ಲೆನ್ಸಿನೊಳಗಿನ ಬೆಳಕಿನ ಕಿಂಡಿಯಾದ ಅಪರ್ಚರ್‌ನ ಅಂಕಿಗಳು ಬೆಳಗುತ್ತವೆ. ಗೋಡೆ ಮರೆತು ಆ ಅಂಕಿಗಳನ್ನಷ್ಟೇ ನೋಡುತ್ತ, ಅವು ಚೂಪಾಗುವವರೆಗೆ ತಿರುಗಿಸಿ. ಕನ್ನಡಕ ಹಾಕಿಕೊಂಡೇ ಫೋಟೊ ತೆಗೆಯುವವರು ಹಾಕಿಕೊಂಡೇ ಹೊಂದಿಸಿ. ಈ ಗಾಲಿಯ ವ್ಯಾಪ್ತಿ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ. ಕನ್ನಡಕದಲ್ಲಿ ಸಿಲಿಂಡರ್ ಪವರ್ ಇದ್ದವರಿಗೆ ಗಾಲಿಯಿಂದ ಪರಿಹಾರ ಸಿಗದು, ಕನ್ನಡಕವೇ ಬೇಕು.

ಮಿರರ್‌ಲೆಸ್, ಅಂದರೆ ಒಳಗೆ ಕನ್ನಡಿಯಿಲ್ಲದ, ಕ್ಯಾಮೆರಾದ ಹಿಂದಿನ ಪರದೆ ಇದ್ದಕ್ಕಿದ್ದಂತೆ ಕಪ್ಪಾದರೆ ಗಾಬರಿ ಬೇಡ, ಕಣ್ಣಿಡುವ ಕಿಂಡಿಯ ಹತ್ತಿರದ, ಕಣ್ಣು ಬಂದದ್ದನ್ನು ಗುರುತಿಸುವ ಸೆನ್ಸರ್ ಮೇಲೆ ಬೆವರೋ ಧೂಳೋ ಕೂತಿರುತ್ತದೆ, ಒರೆಸಿ. ಕುತ್ತಿಗೆಯ ಪಟ್ಟಿ ಅಡ್ಡ ಬಂದರೂ ಹೀಗಾಗುತ್ತದೆ. ಪರದೆಯಲ್ಲಿ ಅಂಕಿಗಳು ಮಾಯವಾಗಿದ್ದರೆ ಡಿಸ್ಪ್ ಅಥವಾ ಇನ್ಫೊ ಗುಂಡಿ ಒತ್ತಿ.

ಎಂಥ ಮಸುಕು ಎಂದು ಗುರುತಿಸಿ

ಇಲ್ಲಿ ಅವಸರ ಬೇಡ. ಚಿತ್ರವನ್ನು ಪರದೆಯಲ್ಲಿ ಪೂರ್ತಿ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ಸರಿಸುತ್ತ ನೋಡಿ. ಚಿತ್ರದಲ್ಲಿ ಎಲ್ಲಾದರೂ ಒಂದು ಜಾಗ, ಹುಲ್ಲೋ ಹಿಂದಿನ ಗೋಡೆಯೋ, ಚೂಪಾಗಿದ್ದು ನಿಮಗೆ ಬೇಕಾದದ್ದು ಮಾತ್ರ ಮಸುಕಾಗಿದ್ದರೆ ಫೋಕಸ್ ತಪ್ಪಾದ ಕಡೆ ಕೂತಿದೆ. ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದು, ದೀಪದ ಚುಕ್ಕಿಗಳು ಗೀರುಗಳಾಗಿದ್ದರೆ ಕೈ ಅಲುಗಿದೆ. ನಿಂತದ್ದೆಲ್ಲ ಸ್ಪಷ್ಟವಾಗಿದ್ದು ಚಲಿಸಿದ್ದು ಮಾತ್ರ ಕದಡಿದ್ದರೆ ಶಟರ್ ವೇಗ ಸಾಲದು. ಯಾವ ದಿಕ್ಕೂ ಇಲ್ಲದೆ ಎಲ್ಲೆಲ್ಲೂ ತೆಳುವಾದ ಹೊಗೆ ಹರಡಿದಂತಿದ್ದರೆ ಲೆನ್ಸ್ ಮುಂದಿನ ಗಾಜನ್ನು ಬೆಳಕಿಗೆ ಹಿಡಿದು ನೋಡಿ.

ಯಕ್ಷಗಾನದ ರಂಗಸ್ಥಳದ ಮುಂದೆ ಕೂತವರು ಮೂರನೆಯದನ್ನು ಯಾವಾಗಲೂ ಫೋಕಸ್ ದೋಷ ಎಂದೇ ತಿಳಿಯುತ್ತಾರೆ. ಗಿರಗಿರನೆ ಸುತ್ತುತ್ತ ಧೀಂಗಿಣ ಹಾಕುವ ವೇಷವನ್ನು 1/30 ಸೆಕೆಂಡಿನಲ್ಲಿ ಯಾವ ಲೆನ್ಸೂ ಹಿಡಿದು ನಿಲ್ಲಿಸಲಾರದು. ಐಎಸ್ಒ, ಅಂದರೆ ಬೆಳಕಿಗೆ ಸೆನ್ಸರಿನ ಸಂವೇದನೆಯನ್ನು, 3200ಕ್ಕೆ ಏರಿಸಿ, ವೇಗವನ್ನು ಕನಿಷ್ಠ 1/500ಕ್ಕೆ ತನ್ನಿ. ಫೋಟೊದಲ್ಲಿ ಕಾಳು ಕಾಳು ಬಂದರೆ ಬರಲಿ, ಕದಡಿದ ಮುಖಕ್ಕಿಂತ ಅದು ಎಷ್ಟೋ ಮೇಲು. ಕೈ ಅಲುಗಾಟಕ್ಕೆ ಲೆಕ್ಕ ಹೀಗಿದೆ: ಲೆನ್ಸ್ 300 ಎಂಎಂ ಇದ್ದರೆ ಅದನ್ನು ಕ್ಯಾಮೆರಾದ ಕ್ರಾಪ್ ಪ್ರಮಾಣದಿಂದ, ಅಂದರೆ ನಿಕಾನ್‌ನ ಸಣ್ಣ ಸೆನ್ಸರಿಗೆ 1.5, ಕ್ಯಾನನ್‌ನದಕ್ಕೆ 1.6ರಿಂದ ಗುಣಿಸಿ. 450 ಅಥವಾ 480 ಬರುತ್ತದೆ, ಅಂದರೆ ಶಟರ್ ವೇಗ ಸುಮಾರು 1/500ಕ್ಕಿಂತ ನಿಧಾನಕ್ಕೆ ಇಳಿಯಬೇಡಿ.

ಒಂದೇ ಚುಕ್ಕಿ

ಇನ್ನು ಎಲ್ಲರೂ ಎಡವುವ ಜಾಗಕ್ಕೆ ಬಂದೆವು.

ಹೊಸ ಕ್ಯಾಮೆರಾ ಸಾಮಾನ್ಯವಾಗಿ ಎಲ್ಲ ಫೋಕಸ್ ಚುಕ್ಕಿಗಳನ್ನೂ ತಾನೇ ಆರಿಸುವ ಸ್ಥಿತಿಯಲ್ಲಿರುತ್ತದೆ. ಆಗ ಅದು ಹತ್ತಿರದಲ್ಲಿ ಎದ್ದು ಕಾಣುವ ವಸ್ತುವನ್ನು ಹಿಡಿಯುತ್ತದೆ. ಹುಣಸೆ ರೆಂಬೆ ಹತ್ತಿರ, ಕೊಕ್ಕರೆ ದೂರ. ಮದುವೆ ಮಂಟಪದಲ್ಲಿ ಮುಂದಿನ ಹೂವಿನ ಹಾರ ಹತ್ತಿರ, ಮದುಮಗಳ ಮುಖ ದೂರ. ಆದ್ದರಿಂದ ಮೆನುವಿನಲ್ಲಿ ಎಎಫ್ (ಆಟೋಫೋಕಸ್) ಏರಿಯಾ ಎಂಬಲ್ಲಿಗೆ ಹೋಗಿ ಸಿಂಗಲ್ ಪಾಯಿಂಟ್ ಆರಿಸಿ. ಕ್ಯಾನನ್ 1500ಡಿಯಲ್ಲಿ 9, ನಿಕಾನ್ ಡಿ3500ರಲ್ಲಿ 11 ಚುಕ್ಕಿಗಳಿದ್ದರೂ ಎರಡರಲ್ಲೂ ಕ್ರಾಸ್ ಮಾದರಿಯದು ನಡುವಿನದೊಂದೇ. ಅಡ್ಡಗೆರೆ, ಉದ್ದಗೆರೆ ಎರಡನ್ನೂ ಅದು ಗುರುತಿಸುತ್ತದೆ. ಬೆಳಕು ಕಡಿಮೆಯಿದ್ದಾಗ ಅದನ್ನೇ ನಂಬಿ.

ಚುಕ್ಕಿ ಎಲ್ಲಿಡಬೇಕು? ಆಟೋಫೋಕಸ್‌ಗೆ ಬೇಕಾದದ್ದು ಅಂಚು, ಕಪ್ಪು–ಬಿಳುಪಿನ ವ್ಯತ್ಯಾಸ. ಕೊಕ್ಕರೆಯ ಬಿಳಿ ಮೈ ಮೇಲೆ ಇಟ್ಟರೆ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆ. ಕಣ್ಣಿನ ಮೇಲಿಡಿ. ಅದು ಸಿಗದಷ್ಟು ದೂರವಿದ್ದರೆ ಎದೆಯ ಮೇಲಿನ ಕಪ್ಪು–ಬಿಳಿ ಪಟ್ಟಿಯ ಮೇಲಿಡಿ. ಖಾಲಿ ಗೋಡೆ, ಮೋಡವಿಲ್ಲದ ಆಕಾಶ, ಸೊಳ್ಳೆ ಪರದೆ, ಮೃಗಾಲಯದ ಬೇಲಿ, ಇವೆಲ್ಲ ಆಟೋಫೋಕಸ್ ಸೋಲುವ ಜಾಗಗಳು. ಬೇಲಿಯಾದರೆ ಲೆನ್ಸನ್ನು ಅದಕ್ಕೆ ತಾಗುವಷ್ಟು ಹತ್ತಿರ ತಂದು ಕಿಂಡಿಯಲ್ಲಿ ನೋಡಿ.

ಈಗ ಬೆರಳು. ಹೆಚ್ಚಿನವರು ಶಟರ್ ಗುಂಡಿಯನ್ನು ಕಾಲಿಂಗ್ ಬೆಲ್ ಒತ್ತಿದ ಹಾಗೆ ಒಂದೇ ಏಟಿಗೆ ಕುಟ್ಟುತ್ತಾರೆ. ಅರ್ಧ ಒತ್ತಿ ನಿಲ್ಲಿಸಿ. ಬೀಪ್ ಕೇಳಿಸಬೇಕು, ಡಿಎಸ್ಎಲ್ಆರ್ (ಒಳಗೆ ಕನ್ನಡಿಯಿರುವ ಕ್ಯಾಮೆರಾ) ಆದರೆ ವ್ಯೂಫೈಂಡರ್‌ನ ಕೆಳಸಾಲಿನಲ್ಲಿ ಚುಕ್ಕಿ ಅಲುಗದೆ ಬೆಳಗಬೇಕು. ಅದು ಮಿಣುಕುತ್ತಿದ್ದರೆ ಫೋಕಸ್ ಸಿಕ್ಕಿಲ್ಲ ಎಂದರ್ಥ. ನಿಂತ ಮೇಲೆ, ಬೆರಳೆತ್ತದೆ, ಉಳಿದರ್ಧವನ್ನು ಮೆಲ್ಲಗೆ ಒತ್ತಿ. ಇದನ್ನು ಮನೆಯಲ್ಲಿ ಒಂದು ಲೋಟ ಮುಂದಿಟ್ಟುಕೊಂಡು ಬೆರಳಿಗೆ ರೂಢಿಯಾಗುವ ತನಕ ಮಾಡಿ.

ಅರ್ಧ ಒತ್ತಿ ಕ್ಯಾಮೆರಾ ವಾಲಿಸಿ ಚೌಕಟ್ಟು ಬದಲಿಸುವ ಅಭ್ಯಾಸ ಹಲವರಿಗಿದೆ. ದೂರದ ಗುಡ್ಡಕ್ಕೆ ಅದು ನಡೆಯುತ್ತದೆ, ಹತ್ತಿರದ ಮುಖಕ್ಕೆ ನಡೆಯದು. ಕ್ರಾಪ್ ಸೆನ್ಸರಿನಲ್ಲಿ 50 ಎಂಎಂ ಲೆನ್ಸನ್ನು ಎಫ್/1.8ರಲ್ಲಿಟ್ಟು ಒಂದೂವರೆ ಮೀಟರ್ ದೂರದ ಮುಖ ತೆಗೆದರೆ ಚೂಪಾಗಿರುವ ಆಳ ಸುಮಾರು 6 ಸೆಂಟಿಮೀಟರ್ ಮಾತ್ರ. ಸ್ವಲ್ಪ ವಾಲಿದರೂ ಕಣ್ಣಿನ ಬದಲು ಕಿವಿ ಸ್ಪಷ್ಟವಾಗುತ್ತದೆ. ಕ್ಯಾಮೆರಾ ವಾಲಿಸಬೇಡಿ, ಚುಕ್ಕಿಯನ್ನೇ ಕಣ್ಣಿನ ಮೇಲೆ ಸರಿಸಿ. ಎಫ್/2.8 ಅಥವಾ ಎಫ್/4ಕ್ಕೆ ಬಂದರೆ ಆ ಆಳ ಹೆಚ್ಚುತ್ತದೆ, ಇನ್ನೂ ಒಳ್ಳೆಯದು.

ನಿಂತ ವಸ್ತುವಿಗೆ ಎಎಫ್–ಎಸ್, ಕ್ಯಾನನ್‌ನಲ್ಲಿ ಒನ್ ಶಾಟ್. ಹಾರುವ ಹಕ್ಕಿಗೆ, ಓಡುವ ಮಗುವಿಗೆ ಎಎಫ್–ಸಿ, ಅಂದರೆ ಕ್ಯಾನನ್‌ನ ಸರ್ವೊ. ಇವೆರಡರ ನಡುವೆ ಕ್ಯಾಮೆರಾವೇ ನಿರ್ಧರಿಸಲಿ ಎಂದು ಕೊಟ್ಟಿರುವ ಮೂರನೆಯ ಆಯ್ಕೆಯನ್ನು ಮುಟ್ಟಲೇಬೇಡಿ. ನಿಮಗೆ ಬೇಕಾದ ಕ್ಷಣದಲ್ಲೇ ಅದು ಮನಸ್ಸು ಬದಲಿಸುತ್ತದೆ.

ಲೆನ್ಸ್ ತಡಕಾಡುತ್ತಿದ್ದರೆ, ಅಲುಗದೇ ಇದ್ದರೆ

ಲೆನ್ಸಿನ ಪಕ್ಕದ ಗುಂಡಿ ಕೈಯಿಂದ ಫೋಕಸ್ ಮಾಡುವ ಎಂಎಫ್‌ನಲ್ಲಿ ನಿಂತಿದೆಯೇ ನೋಡಿ. ನಿಕಾನ್‌ನ ಕೆಲವು ಎಎಫ್–ಪಿ ಲೆನ್ಸುಗಳಲ್ಲಿ ಗುಂಡಿಯೇ ಇಲ್ಲ, ಮೆನುವಿನಲ್ಲಿ ಹುಡುಕಬೇಕು. ಹಳೆಯ ನಿಕಾನ್ 50 ಎಂಎಂ ಎಫ್/1.8ಡಿ ಲೆನ್ಸನ್ನು ಸೆಕೆಂಡ್‌ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಕೊಳ್ಳುವವರು ಎಚ್ಚರ: ಡಿ3500, ಡಿ5600ರಂಥ ಕ್ಯಾಮೆರಾಗಳೊಳಗೆ ಫೋಕಸ್ ಮೋಟಾರ್ ಇಲ್ಲ, ಲೆನ್ಸಿನೊಳಗೂ ಇಲ್ಲ. ಕೈಯಲ್ಲೇ ತಿರುಗಿಸಬೇಕು.

ತೀರಾ ಹತ್ತಿರ ಹೋಗಿದ್ದೀರೋ ಎಂದೂ ನೋಡಿ. ಕ್ಯಾನನ್‌ನ 75–300 ಲೆನ್ಸ್ ಒಂದೂವರೆ ಮೀಟರ್‌ಗಿಂತ ಹತ್ತಿರದ್ದನ್ನು ಹಿಡಿಯದು, 50 ಎಂಎಂ ಎಸ್‌ಟಿಎಂ 35 ಸೆಂಟಿಮೀಟರ್‌ವರೆಗೆ ಹಿಡಿಯುತ್ತದೆ. ಈ ಅಳತೆ ಶುರುವಾಗುವುದು ಲೆನ್ಸಿನ ತುದಿಯಿಂದಲ್ಲ, ಕ್ಯಾಮೆರಾದ ತಲೆಯ ಮೇಲೆ ವೃತ್ತಕ್ಕೆ ಅಡ್ಡಗೆರೆ ಎಳೆದಂತಿರುವ ಗುರುತಿನಿಂದ.

ಅಂಗಡಿಯವರು ಕ್ಯಾಮೆರಾ ಜೊತೆ ಪುಕ್ಕಟೆ ಕೊಡುವ ಯುವಿ ಫಿಲ್ಟರನ್ನು ಬಿಚ್ಚಿಡಿ. ಉದ್ದ ಲೆನ್ಸಿನ ಮುಂದೆ ಅಗ್ಗದ ಗಾಜು ಕೂತರೆ ಫೋಕಸ್ ಸರಿಯಿದ್ದರೂ ಚಿತ್ರ ಮೆತ್ತಗಾಗುತ್ತದೆ. ಲೆನ್ಸ್ ಕಾಪಾಡಲು ಹುಡ್ ಸಾಕು. ಕಾಂಬೊ ಡಬ್ಬಿಯಲ್ಲಿ ಬರುವ, ಲೆನ್ಸ್ ಮುಂದೆ ತಿರುಚಿ ಹಾಕುವ ‘ವೈಡ್’, ‘ಟೆಲಿ’ ಗಾಜುಗಳಿಗೆ ಒಂದು ರೂಪಾಯಿಯೂ ಹಾಕಬೇಡಿ.

ಎಸಿ ಕಾರಿನಿಂದ ಮಲ್ಪೆಯ ಕಡಲತೀರಕ್ಕೆ ಇಳಿದ ಕೂಡಲೇ ಕಾಣುವ ಮಂಜು ದೋಷವಲ್ಲ, ತಣ್ಣಗಿನ ಗಾಜಿನ ಮೇಲೆ ಕೂತ ತೇವ. ಒರೆಸಬೇಡಿ. ಬ್ಯಾಗಿನ ಜಿಪ್ ತೆಗೆಯದೆ ಅರ್ಧ ಗಂಟೆ ಹೊರಗಿಡಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲೆನ್ಸನ್ನು ಬ್ಯಾಗಿನಲ್ಲೇ ಬಿಟ್ಟರೆ ಒಳಗೆ ಜೇಡರ ಬಲೆಯಂತೆ ಫಂಗಸ್ ಹಬ್ಬುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಜೊತೆಗೊಂದು ಪುಟ್ಟ ಆರ್ದ್ರತೆ ಮಾಪಕ ಇಟ್ಟು ಅದು ಶೇ 40–50ರ ನಡುವೆ ಇರುವಂತೆ ನೋಡಿಕೊಳ್ಳಿ.

ಇಷ್ಟಾದ ಮೇಲೂ ಸರಿಹೋಗದಿದ್ದರೆ

ಡಿಎಸ್ಎಲ್ಆರ್‌ನಲ್ಲಿ ವ್ಯೂಫೈಂಡರ್ ಮೂಲಕ ತೆಗೆಯುವಾಗ ಫೋಕಸ್ ಅಳೆಯುವುದು ಕನ್ನಡಿಯ ಕೆಳಗಿನ ಬೇರೊಂದು ಸೆನ್ಸರ್. ಚಿತ್ರ ಮೂಡುವ ಸೆನ್ಸರಿಗೂ ಅದಕ್ಕೂ ಕೂದಲೆಳೆಯಷ್ಟು ಹೊಂದಾಣಿಕೆ ತಪ್ಪಿದರೂ ಫೋಕಸ್ ಯಾವಾಗಲೂ ಮುಂದೆ ಅಥವಾ ಹಿಂದೆ ಬೀಳುತ್ತದೆ. ಪರೀಕ್ಷೆ ಸುಲಭ. ಗೋಡೆಗೆ ದಿನಪತ್ರಿಕೆಯ ಒಂದು ಪುಟ ಅಂಟಿಸಿ. ಟ್ರೈಪಾಡ್ ಮೇಲೆ ಕ್ಯಾಮೆರಾವನ್ನು ಅದಕ್ಕೆ ನೇರವಾಗಿ, ನೀವು ಸಾಮಾನ್ಯವಾಗಿ ಫೋಟೊ ತೆಗೆಯುವ ದೂರದಲ್ಲಿಡಿ. ಅಪರ್ಚರ್ ಪೂರ್ತಿ ತೆರೆಯಿರಿ, ಸೆಲ್ಫ್ ಟೈಮರ್ ಹಾಕಿ. ಮೊದಲು ವ್ಯೂಫೈಂಡರ್‌ನ ನಡುಚುಕ್ಕಿಯಿಂದ ಐದು ಚಿತ್ರ, ಪ್ರತಿ ಸಲವೂ ಮೊದಲು ಲೆನ್ಸಿನ ಫೋಕಸ್ ಕೆಡಿಸಿ. ಆಮೇಲೆ ಹಿಂದಿನ ಪರದೆ ನೋಡುತ್ತ ತೆಗೆಯುವ ಲೈವ್ ವ್ಯೂನಲ್ಲಿ ಹಾಗೆಯೇ ಐದು. ಪತ್ರಿಕೆಯನ್ನು ಮೇಜಿನ ಮೇಲೆ ಓರೆಯಾಗಿಟ್ಟು ಪರೀಕ್ಷಿಸುವವರಿದ್ದಾರೆ. ಒಳಗಿನ ಸೆನ್ಸರ್ ನೋಡುವ ಜಾಗ ವ್ಯೂಫೈಂಡರ್‌ನ ಚೌಕಕ್ಕಿಂತ ದೊಡ್ಡದಿರುವುದರಿಂದ ಅಕ್ಕಪಕ್ಕದ ಸಾಲನ್ನು ಹಿಡಿದು ನಿಮ್ಮ ದಾರಿ ತಪ್ಪಿಸುತ್ತದೆ.

ಲೈವ್ ವ್ಯೂನ ಐದೂ ಚೂಪು, ವ್ಯೂಫೈಂಡರ್‌ನ ಐದೂ ಮಸುಕು ಎಂದಾದರೆ ದೋಷ ನಿಜ. ನಿಕಾನ್ ಡಿ7500, ಕ್ಯಾನನ್ 80ಡಿ, 90ಡಿಗಳ ಮೆನುವಿನಲ್ಲೇ ಇದನ್ನು ತಿದ್ದುವ ಸೌಲಭ್ಯವಿದೆ. 1500ಡಿ, ಡಿ3500, ಡಿ5600ರಲ್ಲಿ ಇಲ್ಲ. ಆಗ ಸರ್ವಿಸ್ ಸೆಂಟರಿಗೆ ಹೋಗಿ. ಲೆನ್ಸ್ ಒಂದನ್ನೇ ಒಯ್ಯಬೇಡಿ, ಕ್ಯಾಮೆರಾ ಮತ್ತು ಲೆನ್ಸ್ ಎರಡನ್ನೂ, ಜೊತೆಗೆ ಆ ಹತ್ತೂ ಚಿತ್ರಗಳನ್ನು ತಿದ್ದದೆ ಕಾರ್ಡಿನಲ್ಲಿಟ್ಟು ಕೊಡಿ.